ಸತ್ತ ಆನೆಯ ಟಾಪಿಕ್

ಆನೆ ಸತ್ತರೆ ಅದರ ಟಾಪಿಕ್ ಅಳಿಸುವುದು ನನ್ನ ಕೆಲಸಗಳಲ್ಲೊಂದು. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಆ ಮುದಿ ಹೆಣ್ಣಾನೆಯ ವಿಷಯದಲ್ಲಿ ಮಾತ್ರ ಸಾಕಾಗಲಿಲ್ಲ.

ನಮ್ಮ ಕಚೇರಿ ಇರುವುದು ಬಾಳ್ಳುಪೇಟೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ. ಲಾರಿ ಹಾದರೆ ಕಿಟಕಿ ಅದುರುತ್ತದೆ. ಈ ಭಾಗದ ಕೆಲವು ಕಾಡಾನೆಗಳ ಕೊರಳಿಗೆ ಅರಣ್ಯ ಇಲಾಖೆಯವರು ಪಟ್ಟಿ ಕಟ್ಟಿದ್ದಾರೆ. ಆನೆ ಎಲ್ಲಿದೆಯೆಂದು ಪಟ್ಟಿ ಗುಡ್ಡದ ಮೇಲಿನ ಪೆಟ್ಟಿಗೆಗೆ ತಿಳಿಸುತ್ತದೆ, ಪೆಟ್ಟಿಗೆ ನಮ್ಮ ಸರ್ವರ್‌ಗಳಿಗೆ ಕಳಿಸುತ್ತದೆ. ಅಲ್ಲಿ ಒಂದೊಂದು ಆನೆಯ ಸುದ್ದಿ ಹರಿಯಲು ಒಂದೊಂದು ಕಾಲುವೆ ಇರುತ್ತದೆ. ಅದನ್ನೇ ನಾವು ಟಾಪಿಕ್ ಎನ್ನುವುದು. ಕಾಲುವೆಗೆ ಸುದ್ದಿ ಬಿದ್ದ ಕೂಡಲೇ ಹತ್ತಿರದ ತೋಟದವರ ಫೋನಿಗೆ ಸಂದೇಶ ಹೋಗುತ್ತದೆ, ರಸ್ತೆ ಬದಿಯ ಬೋರ್ಡಿನಲ್ಲಿ ಕೆಂಪು ಅಕ್ಷರ ಹೊತ್ತಿಕೊಳ್ಳುತ್ತದೆ.

ಆ ಹೆಣ್ಣಾನೆ ಒಂದು ಹಿಂಡಿನ ಮುಂದಾಳು. ಕಾಫಿ ಹಣ್ಣು ಕೀಳುವ ಕಾಲದಲ್ಲಿ, ಮಗ್ಗೆ ಊರಿನ ಆಚೆಯ ಎಸ್ಟೇಟೊಂದರ ಹಳ್ಳದ ಬದಿಯಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಅಲ್ಲೇ ಗುಂಡಿ ತೆಗೆದು ಮಣ್ಣು ಮಾಡಿದರು. ಅವಳ ಪಟ್ಟಿಯನ್ನು ಬಿಚ್ಚಿ, ಬ್ಯಾಟರಿ ತೆಗೆದು ನಮ್ಮ ಕಚೇರಿಯ ಬೀರುವಿನಲ್ಲಿಟ್ಟರು. ನಾನು ಅವಳ ಟಾಪಿಕ್ ಅಳಿಸಿದೆ.

ಮರುದಿನ ನೋಡಿದರೆ ಹೆಸರು ಹಾಗೇ ಇತ್ತು. ಪಕ್ಕದಲ್ಲಿ 'ಅಳಿಸಲು ಗುರುತು ಮಾಡಲಾಗಿದೆ' ಎಂಬ ಟಿಪ್ಪಣಿ. ಇದಕ್ಕೆ ಕಾರಣ ಬೇಗ ಸಿಕ್ಕಿತು. ಒಂದೇ ಸುದ್ದಿಯ ಪ್ರತಿಗಳನ್ನು ನಮ್ಮ ಮೂರು ಸರ್ವರ್‌ಗಳೂ ಇಟ್ಟುಕೊಂಡಿರುತ್ತವೆ. ಮೂರೂ ಒಪ್ಪಿ ತಮ್ಮ ಪ್ರತಿಯನ್ನು ಬಿಟ್ಟುಕೊಡುವ ತನಕ ಟಾಪಿಕ್ ಸಾಯುವುದಿಲ್ಲ. ಅವುಗಳಲ್ಲೊಂದು ನಿಂತುಹೋಗಿತ್ತು. ಅದನ್ನು ಎಬ್ಬಿಸಿದೆ, ಹೆಸರು ಪರದೆಯಿಂದ ಮಾಯವಾಯಿತು. ನೆಮ್ಮದಿಯಾಗಿ ಚಹಾ ತರಿಸಿಕೊಂಡೆ.

ಮಂಜು ಕರಗಿ ಬಿಸಿಲು ಬಂದ ಹೊತ್ತಿಗೆ ಫೋನ್ ಬಂತು. ಮಾಡಿದವರು ನಮ್ಮ ಆನೆ ಕಾವಲು ತಂಡದ ಹಿರಿಯರು. ಅವರನ್ನು ನಾನು ಅಣ್ಣ ಎಂದೇ ಕರೆಯುವುದು.

"ಮೇಡಂ, ಮಗ್ಗೆ ರಸ್ತೆ ಬೋರ್ಡು ಉರೀತಾ ಐತೆ. ಸತ್ತೋಯ್ತಲ್ಲ, ಅದೇ ಆನೆ ತೋರಿಸ್ತಾ ಐತೆ."

ಪರದೆ ನೋಡಿದೆ. ಅಳಿಸಿದ ಹೆಸರು ಮತ್ತೆ ಬಂದು ಕೂತಿತ್ತು. ನಕ್ಷೆಯಲ್ಲಿ ಚುಕ್ಕೆಗಳು ಬೀಳತೊಡಗಿದ್ದವು. ಎಸ್ಟೇಟಿನ ಕೆರೆಯ ಹತ್ತಿರ ಒಂದು, ಕಾಫಿ ಒಣಗಿಸುವ ಕಣದ ಹಿಂದೆ ಒಂದು, ಆಮೇಲೆ ಇಳಿಜಾರಿನಲ್ಲಿ ಒಂದರ ಹಿಂದೊಂದು. ಕೊನೆಯ ಚುಕ್ಕೆ ಅವಳನ್ನು ಹೂತ ಜಾಗದಲ್ಲೇ ಬಿದ್ದು ನಿಂತಿತು.

"ಅಣ್ಣಾ, ಪಟ್ಟಿ ಇಲ್ಲೇ ಬೀರುವಿನಲ್ಲಿದೆಯಲ್ಲ."

"ಪಟ್ಟಿ ಅಲ್ಲೇ ಇರ್ಬೋದು ಮೇಡಂ. ಆನೆ ಎಲ್ಲೈತೆ ಅಂತ ಕೇಳ್ತಾವ್ರೆ ಜನ."

ಎದ್ದುಹೋಗಿ ಬೀರು ತೆಗೆದೆ. ಪಟ್ಟಿ ಇತ್ತು. ಒಣಗಿದ ಕೆಸರು, ಒಳಬದಿಗೆ ಅಂಟಿದ ಗಡುಸು ಕೂದಲು. ಮುಟ್ಟಲು ಮನಸ್ಸಾಗದೆ ಬಾಗಿಲು ಹಾಕಿದೆ. ಟಾಪಿಕ್ಕನ್ನು ಇನ್ನೊಮ್ಮೆ ಅಳಿಸಿದೆ. ಮಾರನೆಯ ದಿನ ಬಿಸಿಲು ಬಿದ್ದಾಗ ಅದೇ ಕೆರೆ, ಅದೇ ಕಣ, ಅದೇ ಇಳಿಜಾರು. ಅವಳು ನಡೆದು ಬಂದು ತನ್ನ ಗುಂಡಿಯ ಹತ್ತಿರ ನಿಂತಳು.

ಆಗ ಪ್ರತಿ ಸುದ್ದಿಯನ್ನೂ ಬಿಡಿಸಿ ನೋಡಿದೆ. ಒಂದೊಂದರಲ್ಲೂ ಎರಡು ಸಮಯ ಇರುತ್ತದೆ: ಪಟ್ಟಿ ಅದನ್ನು ಬರೆದದ್ದು, ನಮಗೆ ಅದು ತಲುಪಿದ್ದು. ತಲುಪಿದ್ದು ಇಂದು, ಬರೆದದ್ದು ಅವಳು ಸತ್ತ ದಿನ. ನಮ್ಮ ಬೋರ್ಡುಗಳು ತಲುಪಿದ ಸಮಯವನ್ನಷ್ಟೇ ನೋಡುತ್ತಿದ್ದವು. ಕಳಿಸುತ್ತಿದ್ದದ್ದು ಆ ಎಸ್ಟೇಟಿನ ಗುಡ್ಡದ ಪೆಟ್ಟಿಗೆ. ಇಲ್ಲದ ಟಾಪಿಕ್‌ಗೆ ಯಾರಾದರೂ ಸುದ್ದಿ ಕಳಿಸಿದರೆ ನಮ್ಮ ಸರ್ವರ್ ತಾನಾಗಿಯೇ ಆ ಹೆಸರಿನ ಟಾಪಿಕ್ ಹುಟ್ಟಿಸಿಬಿಡುತ್ತಿತ್ತು. ಹೀಗೆ ಅವಳ ಕೊನೆಯ ನಡಿಗೆ ಮತ್ತೆ ಮತ್ತೆ ನಡೆಯುತ್ತಿತ್ತು.

ಮರುದಿನ ಅಣ್ಣನ ಜೊತೆ ಜೀಪಿನಲ್ಲಿ ಹೋದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಉಗ್ರಾಣದ ಮುಂದೆ ಕಾಯುತ್ತಿದ್ದರು.

"ಹಣ್ಣು ಉದುರ್ತಾ ಐತೆ ಕಣ್ರೀ, ಆ ಹಳ್ಳದ ಕಡೆ ಒಬ್ರೂ ಇಳೀತಿಲ್ಲ," ಎಂದರು. "ಸತ್ತ ದೊಡ್ಡವ್ವ ದಿನಾ ಬತ್ತಾವ್ಳೆ ಅಂತಾರೆ."

ಅವರೂ ನಮ್ಮ ಜೊತೆ ಗುಡ್ಡ ಹತ್ತಿದರು. ಮೇಲೆ ಕೂಲಿಯವರು ಬಿಟ್ಟುಹೋದ ಲೈನ್ ಮನೆಗಳ ಸಾಲು. ಅವುಗಳ ಪಕ್ಕದಲ್ಲಿ ಪೆಟ್ಟಿಗೆಯ ಕಂಬ ವಾಲಿತ್ತು. ಕಂಬಕ್ಕೆ ನನ್ನ ತಲೆಗಿಂತ ಎತ್ತರದ ತನಕ ಕೆಸರು ಮೆತ್ತಿತ್ತು. ಯಾವುದೋ ಆನೆ ಮೈ ಉಜ್ಜಿತ್ತು. ಆಂಟೆನಾ ಮುರಿದು ತಂತಿಯಲ್ಲಿ ನೇತಾಡುತ್ತಿತ್ತು. ಒಳಗಿನ ಬ್ಯಾಟರಿ ಕೆಟ್ಟು, ಪೆಟ್ಟಿಗೆ ಬಿಸಿಲಿದ್ದಾಗ ಮಾತ್ರ ಎಚ್ಚರವಾಗುತ್ತಿತ್ತು. ಎಚ್ಚರವಾದಾಗ ತನ್ನಲ್ಲಿ ಉಳಿದ ಸುದ್ದಿ ಕಳಿಸುತ್ತಿತ್ತು. ಆಂಟೆನಾ ಮುರಿದಿದ್ದರಿಂದ 'ತಲುಪಿತು' ಎಂಬ ನಮ್ಮ ಉತ್ತರ ಅದಕ್ಕೆ ಕೇಳಿಸದೆ, ಮಾರನೆಯ ದಿನ ಮೊದಲಿನಿಂದ ಶುರುಮಾಡುತ್ತಿತ್ತು.

ಮಂಜು ತೆಳುವಾಯಿತು. ಸೋಲಾರ್ ಹಲಗೆಯ ಮೇಲೆ ಬಿಸಿಲು ಬಿತ್ತು, ಪೆಟ್ಟಿಗೆಯ ಹಸಿರು ದೀಪ ಮಿಟುಕಿತು. ನನ್ನ ಜೇಬಿನಲ್ಲಿ ಫೋನ್ ಅದುರಿತು: 'ಕಾಡಾನೆ ಹತ್ತಿರದಲ್ಲಿದೆ.'

"ನೋಡಿ, ಇದೇ," ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈ ಎತ್ತಿದರು.

"ಅಲ್ಲಾಡ್ಬೇಡಿ ಮೇಡಂ."

ಕೆಳಗೆ ಕಣದ ಹಿಂದಿನಿಂದ ಹಿಂಡು ಬರುತ್ತಿತ್ತು. ಅಷ್ಟು ದೊಡ್ಡ ಮೈಗಳು, ಒಂದು ಕಡ್ಡಿ ಮುರಿದ ಸದ್ದೂ ಇಲ್ಲ. ನಕ್ಷೆಯಲ್ಲಿ ನಾನು ನೋಡಿದ್ದ ದಾರಿಯಲ್ಲೇ ಇಳಿದು, ಹೂತ ಜಾಗದ ಸುತ್ತ ನಿಂತವು. ಮಣ್ಣಿನ ಮೇಲೆ ಸೊಂಡಿಲು ಆಡಿಸಿದವು. ನನ್ನ ಫೋನಿನಲ್ಲಿ ಕೊನೆಯ ಚುಕ್ಕೆ ಬೀಳುವಾಗ ಅವು ಅಲ್ಲೇ ಇದ್ದವು. ನಾವು ಮೂವರೂ ಲೈನ್ ಮನೆಯ ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ನಿಂತಿದ್ದೆವು. ಹಿಂಡು ಹಳ್ಳ ದಾಟಿ ಮರೆಯಾದ ಮೇಲೆ ರೈಟರ್ ಕೆಳಗಿನ ಕಾಫಿ ಗಿಡಗಳ ಕಡೆ ಕೈ ತೋರಿಸಿದರು.

"ಬೋರ್ಡು ಉರೀದೆ ಇದ್ದಿದ್ರೆ ನಮ್ ಹೆಣ್ಮಕ್ಳೆಲ್ಲ ಇಷ್ಟೊತ್ಗೆ ಅಲ್ಲೇ ಹಣ್ಣು ಕೀಳ್ತಾ ಇರ್ತಿದ್ರು," ಎಂದರು. ಈ ಹಿಂಡಿನಲ್ಲಿ ಪಟ್ಟಿ ಇದ್ದದ್ದು ಅವಳೊಬ್ಬಳಿಗೇ. ಅವಳಿಲ್ಲದೆ ಉಳಿದವು ನಮ್ಮ ನಕ್ಷೆಯಲ್ಲಿ ಇರಲೇ ಇಲ್ಲ.

"ಹಂಗಾದ್ರೆ ಇದನ್ನ ಹೀಗೇ ಬಿಡೋಣವಾ ಅಣ್ಣಾ?" ಎಂದೆ.

ಅವರು ಹಿಂಡು ದಾಟಿದ ಹಳ್ಳದ ಕಡೆ ನೋಡಿದರು. "ಬ್ಯಾಡ ಮೇಡಂ. ಇವು ನಾಳೆ ದಾರಿ ಬದಲಾಯ್ಸಿದ್ರೆ? ಜನ ಬೋರ್ಡ್ ನಂಬ್ಕೊಂಡು ಅವುಗಳ ಕಾಲಡಿಗೇ ಹೋಗ್ಬುಡ್ತಾರೆ. ನಮ್ ಹುಡುಗ್ರು ಕಾಯ್ತಾರೆ, ನೀವು ಅಳಿಸಿ."

ಮೊದಲು ಪೆಟ್ಟಿಗೆಯಲ್ಲಿ ಉಳಿದಿದ್ದ ಸುದ್ದಿಯನ್ನು ಖಾಲಿ ಮಾಡಿದೆ. ಆಮೇಲೆ ಸರ್ವರ್ ತಾನಾಗಿ ಟಾಪಿಕ್ ಹುಟ್ಟಿಸುವುದನ್ನು ನಿಲ್ಲಿಸಿದೆ. ಕೊನೆಗೆ ಅಳಿಸಿದೆ. ಈ ಬಾರಿ ಮೂರೂ ಸರ್ವರ್‌ಗಳು ಬಿಟ್ಟುಕೊಟ್ಟವು. ಮಾರನೆಯ ದಿನ ಬಿಸಿಲು ಬಂತು, ಪೆಟ್ಟಿಗೆ ಎಚ್ಚರವಾಯಿತು, ನಕ್ಷೆ ಬರಿದಾಗಿಯೇ ಇತ್ತು. ಅದನ್ನು ನೋಡುತ್ತ ಕೂತವಳಿಗೆ ಗೆದ್ದೆ ಅನ್ನಿಸಲಿಲ್ಲ, ಚಳಿ ಅನ್ನಿಸಿತು. ಹಿಂಡು ಇನ್ನೂ ಕೆಲವು ದಿನ ಬಂತಂತೆ. ಅಣ್ಣನ ತಂಡ ಕಾಯ್ದು ಜನರನ್ನು ತಡೆಯಿತು. ಆಮೇಲೆ ಬರುವುದು ನಿಂತಿತು.

ಕೊಯ್ಲು ಮುಗಿದ ಮೇಲೆ ಆ ಹಿಂಡಿನ ಇನ್ನೊಂದು ಹೆಣ್ಣಾನೆಗೆ ಇಲಾಖೆಯವರು ಹೊಸ ಪಟ್ಟಿ ಕಟ್ಟಿದರು. ಅದರ ಟಾಪಿಕ್ಕನ್ನು ನಾನೇ ಹೆಸರು ಬರೆದು ಮಾಡಿದೆ. ಮೊದಲ ಚುಕ್ಕೆ ಬಿದ್ದ ಕೂಡಲೇ, ಬರೆದ ಸಮಯವೂ ತಲುಪಿದ ಸಮಯವೂ ಸರಿಯಾಗಿಯೇ ಇದ್ದರೂ, ಅಣ್ಣನಿಗೆ ಫೋನ್ ಮಾಡಿದೆ.

"ನಿಮ್ಮ ಕಣ್ಣಿಗೆ ಕಾಣ್ತಾ ಇದೆಯಾ ಅಣ್ಣಾ?"

"ಕಾಣ್ತಾ ಐತೆ ಮೇಡಂ," ಎಂದರು ಅವರು, ಸಣ್ಣ ದನಿಯಲ್ಲಿ. "ಬಿದಿರು ಮುರೀತಾ ನಿಂತೈತೆ. ಬದುಕೈತೆ."