ಬೆಲ್ಲ ಹಾಕಿದ ಪ್ರಯೋಗ

ಕೊನೆಯ ಮಾಮೂಲಿ ದಿನ ದೇವದುರ್ಗದ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಹಿಂದಿನ ದಿನದ ಕೋಳಿ ಸಾರಿನ ಬಗ್ಗೆ.

“ಚೆಲ್ಲು ಬೇ ಯವ್ವಾ, ಬ್ಯಾಕ್ಟೀರಿಯಾ ಬಂದಿರ್ತಾವ,” ಎಂದಳು ಮಗಳು ಸುಜಾತಾ. ರಾಯಚೂರಿನಲ್ಲಿ ಸಂಶೋಧನೆ ಮಾಡುವವಳು.

“ಬಂದಾವೇನು? ಕರಿ, ಚಾ ಕುಡಿಸಿ ಕಳಸ್ತೀನಿ,” ಎಂದಳು ನನ್ನ ಹೆಂಡತಿ.

ಮರುದಿನ ಅವಳ ಹೃದಯ ನಿಂತಿತು. (ಸಾರಿನ ತಪ್ಪಲ್ಲ. ಮಗಳೇ ಗೆದ್ದು ಅದನ್ನು ಚೆಲ್ಲಿದ್ದಳು.)

ಸುಜಾತಾ ರಾಯಚೂರಿಗೆ ಹೋಗುವುದನ್ನೇ ಬಿಟ್ಟಳು. ಓದು ಸಾಕು ಎಂದಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಾನೇ ಎದ್ದು ತಂಗಡಿ, ಅಂದರೆ ಆವರಿಕೆ ಗಿಡದ ಎಲೆ ತಂದು ಕುದಿಸಿದಳು. ಆ ನೀರಿಗೆ ಲ್ಯಾಬಿನಲ್ಲಿ ಸತುವಿನ ಲವಣ ಬೆರೆಸಿ, ಒಣಗಿಸಿ, ಸುಟ್ಟರೆ ಬಿಳಿ ಪುಡಿ ಸಿಗುತ್ತದಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ನ್ಯಾನೋ! ಊಟದ ಜೊತೆ ಹೊಟ್ಟೆ ಸೇರಿ ರೋಗ ತರುವ ಬ್ಯಾಕ್ಟೀರಿಯಾವನ್ನು ಅವು ಕೊಲ್ಲುತ್ತವೆಯೇ? ಅದೇ ಅವಳು ಬಿಟ್ಟಿದ್ದ ಸಂಶೋಧನೆ. ಪಾತ್ರೆಯನ್ನು ಆರಲು ಬಿಟ್ಟು ಸ್ನಾನಕ್ಕೆ ಹೋದಳು.

ಅಷ್ಟರಲ್ಲಿ ಮಾನ್ವಿಯಿಂದ ಹೆಂಡತಿಯ ಅಣ್ಣ, ನಮ್ಮ ಭಾವ, ಮಾತನಾಡಿಸಲು ಬಂದರು. ಬಂದವರಿಗೆ ಕುಡಿಯಲು ಏನಾದರೂ ಕೊಡಬೇಕಲ್ಲ? ಸಾವಾದ ಮನೆಯಲ್ಲಿ ಆ ಕೆಲಸ ಪಕ್ಕದ ಮನೆಯವರದು. ಭೀಮವ್ವ ಒಳಗೆ ಹೋದಳು. ಪಾತ್ರೆ ಕಂಡಿತು. ಕಷಾಯ ಎಂದುಕೊಂಡು ಬೆಲ್ಲ, ಏಲಕ್ಕಿ ಹಾಕಿ, ಸೋಸಿ ತಂದಳು. ನಾನು ಎರಡು ಲೋಟ ಕುಡಿದೆ. ಚೆನ್ನಾಗಿಯೇ ಇತ್ತು.

“ಯಪ್ಪಾ! ಅದು ನನ್ನ ಎಕ್ಸ್‌ಪೆರಿಮೆಂಟ್!”

ಬಾಗಿಲಲ್ಲಿ ಸುಜಾತಾ, ತಲೆಗೆ ಟವೆಲ್ ಸುತ್ತಿಕೊಂಡು.

ಭೀಮವ್ವ ಗಲ್ಲಕ್ಕೆ ಕೈ ಹಚ್ಚಿದಳು. “ವಿಷ ಏನವ್ವಾ?”

“ಇಲ್ಲ ಬೇ, ಬರೀ ಎಲಿ. ಕೆಮಿಕಲ್ ಇನ್ನೂ ಹಾಕಿದ್ದಿಲ್ಲ.”

ಭಾವ ಉಳಿದದ್ದನ್ನೂ ಕುಡಿದು ಲೋಟ ಕೆಳಗಿಟ್ಟರು. “ನಾಳಿ ನನ್ನ ಹೊಟ್ಟಿ ಕೇಳಿ ರಿಸಲ್ಟ್ ಬರಕೊ ಸುಜಾತಾ. ಬೆಲ್ಲ ಮಾತ್ರ ಕಡಿಮಿ ಆಗ್ಯಾದ.”

ಸುಜಾತಾ ನಕ್ಕುಬಿಟ್ಟಳು. ನಾವೂ ನಕ್ಕೆವು. ಸಾವಿನ ಮನೆಯಲ್ಲಿ ನಗಬಾರದೆಂದು ಹೇಳಿದವರು ಯಾರು?

ಆಮೇಲೆ ಎಲ್ಲರೂ ಮಾನ್ವಿ ರಸ್ತೆಗೆ ಹೋಗಿ ಮತ್ತೆ ಎಲೆ ಕಿತ್ತೆವು. (ಭೀಮವ್ವ ಪ್ರಾಯಶ್ಚಿತ್ತಕ್ಕೆಂದು ಒಂದು ಚೀಲ ಹೆಚ್ಚೇ ಕಿತ್ತಳು.) ಮರುದಿನ ಮಗಳು ಎಲೆ ಕುದಿಸಿದ ನೀರಿನ ಡಬ್ಬಿ ಹಿಡಿದು ರಾಯಚೂರಿನ ಬಸ್ಸು ಹತ್ತಿದಳು.

ಮೊನ್ನೆ ಅವಳ ಫೋನ್ ಬಂತು. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ, ಪುಡಿ ಹಾಕಿದ ಜಾಗದ ಸುತ್ತ ಬಳೆಯಂತೆ ದುಂಡಗೆ ಖಾಲಿ ಬಿದ್ದಿದೆಯಂತೆ. ಅಲ್ಲಿ ಒಂದೂ ಬೆಳೆದಿಲ್ಲ.

“ಹಂಗಾದ್ರ ಆ ಪುಡಿ ಅಡಗಿಗೆ ಒಂದು ಚಿಟಿಕಿ ಹಾಕ್ಲಾ?” ಎಂದೆ.

“ಯಪ್ಪಾ, ನೀ ಏನೂ ಹಾಕಬ್ಯಾಡ! ಮನಷ್ಯಾರಿಗೆ ಏನೂ ಆಗಲ್ಲ ಅಂತ ಮೊದ್ಲು ಗೊತ್ತಾಗಬೇಕು. ಅಲ್ಲೀತನಕ ಬಿಸಿ ಬಿಸಿ ಉಣ್ಣು. ನಾ ಇನ್ನ ಕೆಲಸ ಮುಗಿಸೇ ಬರ್ತೀನಿ.”

ಹೆಂಡತಿಯೂ ಕೇಳಲಿ ಎಂದು ಮಾಡಿಕೊಂಡಿದ್ದ ರೂಢಿಯಂತೆ ಫೋನನ್ನು ಸ್ಪೀಕರ್‌ಗೆ ಹಾಕಿದ್ದೆ. ಕೇಳಲು ಮನೆಯಲ್ಲಿ ಇನ್ನೊಬ್ಬರಿಲ್ಲ.