ಏಳನೇ ಕ್ಲಾಸಿನವರ ‘ಆಮೇಲೆ’

ಹೋದ ಶನಿವಾರ ಬೆಳಿಗ್ಗೆ ಇಪ್ಪತ್ತೊಂಬತ್ತು ಮಕ್ಕಳು ಸೇರಿ ನನ್ನನ್ನು ಅರ್ಧ ಗಂಟೆ ವಿಚಾರಣೆ ಮಾಡಿದರು. ಪೊಲೀಸ್ ಸ್ಟೇಷನ್ನಿನಲ್ಲಾದರೆ ಒಂದು ಲೋಟ ಟೀ ಆದರೂ ಕೊಡುತ್ತಾರಂತೆ. ಇಲ್ಲಿ ಅದೂ ಇಲ್ಲ.

ಇದಕ್ಕೆಲ್ಲ ಕಾರಣ ನನ್ನ ತಮ್ಮ ಮಂಜುನಾಥ. ದಿಬ್ಬೂರಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಮೇಷ್ಟ್ರು. ಮಕ್ಕಳಿಗೆ ಓದು, ಬರಹ, ಮಾತು ಮೂರೂ ಬರಲೆಂದು ಅವನೊಂದು ಉಪಾಯ ಹೂಡಿದ್ದಾನೆ. ವಾರಕ್ಕೊಬ್ಬರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸುವುದು. ಮಕ್ಕಳು ಪ್ರಶ್ನೆ ಕೇಳಬೇಕು, ಉತ್ತರ ಬರೆದುಕೊಳ್ಳಬೇಕು, ಮುಂದಿನ ಶನಿವಾರ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಬಸ್ ಕಂಡಕ್ಟರು, ಬಿಸಿಯೂಟದ ಅಡುಗೆಯವರು, ರೇಷ್ಮೆಹುಳು ಸಾಕುವವರು, ಎಲ್ಲರೂ ಆ ಕುರ್ಚಿಯಲ್ಲಿ ಕೂತು ಬೆವರಿದ್ದಾರೆ.

ಅಲ್ಲಿ ರೂಲ್ ಒಂದೇ. ಯಾರು ಏನೇ ಉತ್ತರ ಹೇಳಿದರೂ ಅಷ್ಟಕ್ಕೇ ಬಿಡಬಾರದು. ‘ಆಮೇಲೆ?’ ಎಂದು ಕೇಳಬೇಕು.

ಈ ರೂಲ್ ಮೊದಲೇ ಗೊತ್ತಿದ್ದರೆ ನಾನು ಹೋಗುತ್ತಿರಲಿಲ್ಲ.

ಹೋದೆ. ಗೌರಿ ಹಬ್ಬಕ್ಕೆ ಅವನೇ ಕೊಟ್ಟ ಸೀರೆ ಉಟ್ಟುಕೊಂಡೇ ಹೋದೆ. ತಮ್ಮ ನನ್ನನ್ನು ಪರಿಚಯಿಸಿದ. ಆ ಪರಿಚಯ ನನಗೆ ಬಾಯಿಪಾಠ. ಅವನ ಮದುವೆಯಲ್ಲಿ ಹೇಳಿದ್ದಾನೆ, ಗೃಹಪ್ರವೇಶದಲ್ಲಿ ಹೇಳಿದ್ದಾನೆ, ಒಮ್ಮೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬರಿಗೂ ಹೇಳಿದ್ದಾನೆ.

“ನನ್ನ ನೋಡ್ಕೊಳ್ಳೋಕೆ ಅಂತ ನಮ್ಮಕ್ಕ ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಲು. ಆದ್ರೂ ಸಂಜೆ ಕೂರಿಸ್ಕೊಂಡು ಒಂದೊಂದು ಪಾಠಾನೂ ಎರಡೆರಡು ಸಲ ಓದಿಸ್ತಿದ್ಲು. ಅದಕ್ಕೇ ನಾನು ಮೇಷ್ಟ್ರಾದೆ.”

ಇಷ್ಟು ಹೇಳಿ ಪ್ರತಿ ಸಲವೂ ಕನ್ನಡಕ ತೆಗೆದು ಒರೆಸುತ್ತಾನೆ. ನಾನು ಪ್ರತಿ ಸಲವೂ ತಲೆ ತಗ್ಗಿಸಿ ನೆಲ ನೋಡುತ್ತೇನೆ. (ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.)

ಮೊದಮೊದಲು ಸುಲಭದ ಪ್ರಶ್ನೆಗಳು. ಯಾವ ಊಟ ಇಷ್ಟ? ಮುದ್ದೆ, ಮಸ್ಸೊಪ್ಪು. ಆಮೇಲೆ? ನಿದ್ದೆ. ಏನು ಕೆಲಸ? ಶಿಡ್ಲಘಟ್ಟದಲ್ಲಿ ಬಟ್ಟೆ ಹೊಲಿಯುತ್ತೇನೆ. ಆಮೇಲೆ? ವಾರಕ್ಕೊಮ್ಮೆ ಪೇಪರಿಗೆ ಬರೆಯುತ್ತೇನೆ.

ಆಗ ಮೂರನೇ ಬೆಂಚಿನಿಂದ ಭವ್ಯ ಎದ್ದಳು. (ಹೆಸರು ಬದಲಿಸಿದ್ದೇನೆ. ಓದಿದರೆ ಅವಳಿಗೆ ತಿಳಿಯುತ್ತದೆ.)

“ಆಂಟಿ, ಸಾರ್‌ನ ನೋಡ್ಕೊಳ್ಳೋಕೆ ಮನೇಲಿ ಬೇರೆ ಯಾರೂ ಇರ್ಲಿಲ್ವಾ?”

ಅಜ್ಜಿ ಇದ್ದರು ಎಂದೆ.

“ಆಮೇಲೆ?”

ಅಜ್ಜಿಯ ಹತ್ತಿರ ಅವನು ನಿಲ್ಲುತ್ತಿರಲಿಲ್ಲ, ನಾನು ಸ್ಕೂಲಿಗೆ ಹೊರಟರೆ ಸಾಕು ತೊಟ್ಟಿಲಲ್ಲೇ ಅಳುತ್ತಿದ್ದ ಎಂದೆ.

“ತೊಟ್ಟಿಲಲ್ಲಿರೋರಿಗೆ ನೀವು ಸ್ಕೂಲಿಗೆ ಹೊರಟಿದ್ದು ಹೆಂಗ್ ಗೊತ್ತಾಗ್ತಿತ್ತು ಆಂಟಿ? ನಮ್ ತಮ್ಮಂಗೆ ಎರಡು ವರ್ಷ. ನಾನು ಬ್ಯಾಗ್ ಹಾಕ್ಕೊಂಡ್ರೂ ತಿರುಗಿ ನೋಡಲ್ಲ.”

ಕ್ಲಾಸು ನಕ್ಕಿತು. ನಕ್ಕು ಮುಗಿಸಿ ಎಲ್ಲರೂ ಒಟ್ಟಿಗೆ, ಮಗ್ಗಿ ಹೇಳುವ ರಾಗದಲ್ಲಿ ಕೇಳಿದರು: “ಆಮೇಲೇ?”

ತಮ್ಮ ಬೋರ್ಡಿನ ಪಕ್ಕ ನಿಂತು ಹೆಮ್ಮೆಯಿಂದ ಬೀಗುತ್ತಿದ್ದ. ನಾನೇನು ಮಾಡಿದೆ? ಗಂಟಲು ಕೆಟ್ಟಿದೆ ಎಂದು ನೀರು ಕೇಳಿದೆ. ನೀರು ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಬೆಲ್ ಹೊಡೆದವರ ಹೊಟ್ಟೆ ತಣ್ಣಗಿರಲಿ.

ಬಸ್ಸಿನವರೆಗೆ ಬಿಡಲು ಬಂದ ತಮ್ಮ ದಾರಿಯುದ್ದಕ್ಕೂ ಆ ಹುಡುಗಿಯ ಮಾತನ್ನೇ ಆಡಿದ. ಪ್ರಶ್ನೆ ಕೇಳುವುದರಲ್ಲಿ ಅವಳು ಹುಲಿಯಂತೆ. ಆದರೆ ಎದ್ದು ನಿಂತು ಓದುವ ಸರದಿ ಬಂತೆಂದರೆ ಅವತ್ತು ರಜೆ. ಕೇಳಿದರೆ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಿತ್ತು ಸಾರ್ ಎನ್ನುತ್ತಾಳಂತೆ.

“ಪಾಪ, ನಿನ್ ಥರಾನೇ ಅಕ್ಕ” ಎಂದ.

ಬಸ್ ಹತ್ತಿದವಳಿಗೆ ಶಿಡ್ಲಘಟ್ಟ ಬಂದದ್ದೇ ತಿಳಿಯಲಿಲ್ಲ. ತಮ್ಮ ತಿರುಗಿಯೂ ನೋಡುವುದಿಲ್ಲ ಎಂದವಳು ಅವಳೇ ಅಲ್ಲವೇ? ಇಷ್ಟು ಓದಿದ ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ಆರನೇ ಕ್ಲಾಸಿನ ನನಗೆ ಹೊಳೆಯಿತು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

ನಿಮ್ಮ ಮುಂದೆ ನೀರು ಕೇಳಿ ತಪ್ಪಿಸಿಕೊಳ್ಳುವುದಿಲ್ಲ. ಹೇಳಿಬಿಡುತ್ತೇನೆ.

ಆರನೇ ಕ್ಲಾಸಿಗೆ ಬಂದಿದ್ದರೂ ನನಗೆ ಓದಲು ಬರುತ್ತಿರಲಿಲ್ಲ. ಪಕ್ಕದವಳು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಒಪ್ಪಿಸುತ್ತಿದ್ದೆ. ಐದು ವರ್ಷ ಹೀಗೇ ನಡೆಯಿತು. ಆಮೇಲೆ ಹೊಸ ಮೇಷ್ಟ್ರು ಬಂದರು. ಅವರಿಗೆ ಪಾಠವನ್ನು ನಡುವಿನಿಂದ ಓದಿಸುವ ಚಟ. ಒಂದು ದಿನ ನನ್ನನ್ನು ಎಬ್ಬಿಸಿದರು. ನಾನು ಧೈರ್ಯವಾಗಿ ಮೊದಲಿನಿಂದ ಶುರು ಮಾಡಿದೆ. ಕೈಯಲ್ಲಿದ್ದದ್ದು ಗಣಿತದ ಪುಸ್ತಕ. ಅವತ್ತಿನ ನಗು ಇವತ್ತಿಗೂ ಕಿವಿಯಲ್ಲಿದೆ.

ಅದೇ ವರ್ಷ ತಮ್ಮ ಹುಟ್ಟಿದ. ಅಮ್ಮ ಹಿಪ್ಪುನೇರಳೆ ತೋಟಕ್ಕೆ, ಅಜ್ಜಿ ತೊಟ್ಟಿಲಿಗೆ, ನಾನು ಸ್ಕೂಲಿಗೆ. ಇದು ಮನೆಯ ಏರ್ಪಾಡು. ಆದರೆ ನಾನು ಬ್ಯಾಗ್ ಹಾಕಿಕೊಂಡು ತೊಟ್ಟಿಲ ಹತ್ತಿರ ಹೋಗಿ, ಬರ್ತೀನಪ್ಪ ಎಂದು ಮುದ್ದು ಮಾಡಿ, ತೊಡೆಗೆ ಒಮ್ಮೆ ಚಿವುಟುತ್ತಿದ್ದೆ. ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ. ಬ್ಯಾಗ್ ಕೆಳಗಿಟ್ಟು ತೂಗಿದರೆ ಸುಮ್ಮನಾಗುತ್ತಿದ್ದ. ಅಕ್ಕನನ್ನು ಬಿಟ್ಟು ಕೂಸು ಇರುವುದಿಲ್ಲ ಎಂದು ಅಮ್ಮ ಕರಗಿಹೋಗುತ್ತಿದ್ದಳು. ಮೂರು ತಿಂಗಳಲ್ಲಿ ಬ್ಯಾಗ್ ಅಟ್ಟ ಸೇರಿತು.

ಚಿವುಟೋರೂ ಅವರೇ, ತೊಟ್ಟಿಲು ತೂಗೋರೂ ಅವರೇ ಎಂದು ರಾಜಕಾರಣಿಗಳನ್ನು ಬಯ್ಯುತ್ತಾರಲ್ಲ? ಯಾರಾದರೂ ಆ ಮಾತು ತೆಗೆದರೆ ನಾನು ಮೆತ್ತಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಅಜ್ಜಿಗೆ ಮಾತ್ರ ಅನುಮಾನವಿತ್ತು. ಸ್ನಾನ ಮಾಡಿಸುವಾಗ ತೊಡೆಯ ಕೆಂಪು ಗುರುತು ನೋಡಿ, ಈ ಮನೆಯ ಸೊಳ್ಳೆಗಳು ಭಾನುವಾರ ಕಚ್ಚುವುದಿಲ್ಲ ಎಂದು ತೆಲುಗಿನಲ್ಲಿ ಅಂದರು. ಅಷ್ಟೇ. ಬೇರೆ ಯಾರಿಗೂ ಹೇಳಲಿಲ್ಲ.

ಇನ್ನು ಎರಡೆರಡು ಸಲ ಓದಿಸಿದ ಕಥೆ. ಅವನು ಒಂದನೇ ಕ್ಲಾಸಿನಿಂದ ಬಂದು ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದ. ಮೊದಲ ಸಲ ಅವನ ದನಿ ಕೇಳುತ್ತಿದ್ದೆ. ಇನ್ನೊಂದು ಸಲ ಓದು ಎಂದು, ಎರಡನೇ ಸಲ ಬೆರಳ ಕೆಳಗಿನ ಅಕ್ಷರ ನೋಡುತ್ತಿದ್ದೆ. ಹದಿನೇಳನೇ ವಯಸ್ಸಿನಲ್ಲಿ ನಾನು ಓದು ಕಲಿತದ್ದು ಹಾಗೆ. ಕಲಿಸಿದವನು ಆರು ವರ್ಷದ ಮಂಜ. ನಾನು ಚಿವುಟಿದ ಮಂಜ. ಅಕ್ಕನ ಪದ್ಧತಿ ಎಂದು ಈಗಲೂ ಅವನು ಕ್ಲಾಸಿನಲ್ಲಿ ಪ್ರತಿ ಪಾಠವನ್ನೂ ಎರಡು ಸಲ ಓದಿಸುತ್ತಾನೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಸೀರೆಯ ಆಸೆಗಾ? ಅಲ್ಲ. (ಸ್ವಲ್ಪ.) ಅವನಿಗೊಬ್ಬ ತ್ಯಾಗಮಯಿ ಅಕ್ಕ ಇದ್ದಾಳೆ. ಇದು ಅಚ್ಚಾದ ದಿನ ಆಕೆ ಇರುವುದಿಲ್ಲ. ಉಳಿಯುವವಳನ್ನು ಅವನು ಅಕ್ಕ ಎಂದು ಕರೆಯುತ್ತಾನೋ ಇಲ್ಲವೋ, ಅದೇ ಭಯ. ಆದರೆ ಸುಮ್ಮನಿದ್ದರೆ ಮೂರನೇ ಬೆಂಚಿನಲ್ಲಿ ಇನ್ನೊಬ್ಬಳು ತ್ಯಾಗಮಯಿ ತಯಾರಾಗುತ್ತಾಳೆ.

ಈ ಅಂಕಣವನ್ನು ಅವನು ವಾರವಾರವೂ ಕತ್ತರಿಸಿ, ಮಕ್ಕಳ ಕೈಯಲ್ಲಿ ಓದಿಸಿ, ಕ್ಲಾಸಿನ ಗೋಡೆಗೆ ಅಂಟಿಸುತ್ತಾನೆ. ಮಂಜ, ಈ ವಾರದ್ದನ್ನು ನೀನು ಓದಬೇಡ. ಇಲ್ಲಿಯವರೆಗೆ ಓದಿಬಿಟ್ಟಿದ್ದರೂ ಓದಿಲ್ಲದವನಂತೆ ಇರು. ಅವಳ ಕೈಗೆ ಕೊಡು. ಕ್ಲಾಸಿನ ಮುಂದೆ ಬೇಡ, ಸ್ಟಾಫ್ ರೂಮಿನಲ್ಲಿ ನಿನ್ನೊಬ್ಬನಿಗೇ ಓದಿ ಹೇಳಲಿ. ಎರಡು ಸಲ.

ಭವ್ಯ, ತಡವರಿಸಿದರೆ ತಡವರಿಸು. ನಗುವವರು ಅಲ್ಲಿ ಯಾರೂ ಇರುವುದಿಲ್ಲ. ಸಾರ್ ಅಂತೂ ನಗುವ ಸ್ಥಿತಿಯಲ್ಲಿರುವುದಿಲ್ಲ. ಓದಿ ಮುಗಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರೆ, ಅಷ್ಟಕ್ಕೇ ಬಿಡಬೇಡಮ್ಮ. ನನ್ನ ಪರವಾಗಿ ನೀನೇ ಕೇಳು: ಆಮೇಲೆ?