ಏಳು ಗ್ಲಾಸು ಆಸಿಡ್, ಹದಿಮೂರು ಗ್ಲಾಸು ನೀರು

ನಿಜಾಮರ ಆಳ್ವಿಕೆ ಮುಗಿದು ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳಿದ ಕಾಲ. ಶಹಾಪುರದ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಓದಿದ್ದೆಲ್ಲ ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಫೀಸದಿ ಎನ್ನುವ ಬದಲು ಶೇಕಡಾ ಎನ್ನಲು ತಡವರಿಸುತ್ತಿರುವಾಗಲೇ ಗಂಟೆ ಹೊಡೆದುಬಿಡುತ್ತಿತ್ತು.

ಶಾಲೆಗೆ ಒಂದು ರೇಡಿಯೊ ಬಂದಿತ್ತು. ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಒಳ್ಳೆಯ ಕನ್ನಡ ಕಿವಿಗೆ ಬೀಳಲೆಂದು ಮಕ್ಕಳಿಗಿಂತ ನನಗೇ ಅದು ಹೆಚ್ಚು ಬೇಕಿತ್ತು. ಬ್ಯಾಟರಿ ಸೋತಾಗ, ಅದನ್ನು ರಿಪೇರಿ ಮಾಡುವ ಯಾದಗಿರಿಯ ಮಿಸ್ತ್ರಿ ನೀರು ಬೆರೆಸದ ಗಟ್ಟಿ ಆಸಿಡ್ ಒಂದು ಬಾಟಲಿ ಕಳಿಸಿದ. ಜೊತೆಗೆ ಉರ್ದು ಚೀಟಿ: ಹಳೆಯದನ್ನು ಚೆಲ್ಲಿ, ಮೂವತ್ತೈದು ಫೀಸದಿ ಆಸಿಡ್ ಇರುವ ಹಾಗೆ ನೀರಿಗೆ ಬೆರೆಸಿ ತುಂಬಿ, ಚಾರ್ಜಿಗೆ ತನ್ನಿ.

"ನೀವು ಸೈನ್ಸ್ ಮಾಸ್ತರ್ ಅದೀರಿ, ನೀವೇ ಮಾಡ್ರಿ" ಎಂದರು ಹೆಡ್‌ಮಾಸ್ತರರು.

ಹದಿಮೂರು ಗ್ಲಾಸು ಬಟ್ಟಿ ಇಳಿಸಿದ ನೀರಿಗೆ ಏಳು ಗ್ಲಾಸು ಆಸಿಡ್ ಮೆಲ್ಲಗೆ ಸುರಿದೆ. ಇಪ್ಪತ್ತಕ್ಕೆ ಏಳು ಎಂದರೆ ನೂರಕ್ಕೆ ಮೂವತ್ತೈದು. ಬ್ಯಾಟರಿಗೆ ತುಂಬಿದೆ. ಯಾದಗಿರಿಗೆ ಒಯ್ಯುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು.

ಮಿಸ್ತ್ರಿ ತೇಲುವ ಗಾಜಿನ ಮಾಪಕ ಇಳಿಬಿಟ್ಟು ನೋಡಿದ. ಅವನ ಹುಬ್ಬು ಮೇಲೇರಿತು.

"ಇದೇನ್ ಮಾಡೀರಿ ಮಾಸ್ತರ್ರ? ಅರ್ಧಕ್ಕರ್ಧ ಆಸಿಡ್ಡೇ ಐತಲ್ರಿ!"

"ಮೂವತ್ತೈದೇ ಹಾಕೇನಿ. ಏಳು ಗ್ಲಾಸು ಆಸಿಡ್ಡು, ಹದಿಮೂರು ಗ್ಲಾಸು ನೀರು."

"ಗ್ಲಾಸಿಲೆ ಯಾಕ ಅಳದ್ರಿ? ಅದು ತೂಕದ ಲೆಕ್ಕ."

"ತೂಕ ಅಂತ ಚೀಟ್ಯಾಗ ಎಲ್ಲಿ ಬರದೀರಿ?"

"ಸೈನ್ಸ್ ಮಾಸ್ತರ್ರು, ತಿಳೀತದ ಅಂದ್ಕೊಂಡೆ."

ತಕ್ಕಡಿಯ ಒಂದು ಕಡೆ ಒಂದು ಗ್ಲಾಸು ಗಟ್ಟಿ ಆಸಿಡ್ ಇಟ್ಟ. ಇನ್ನೊಂದು ಕಡೆ ಹೆಚ್ಚುಕಡಿಮೆ ಎರಡು ಗ್ಲಾಸು ನೀರಿಟ್ಟಾಗಲೇ ಅದು ಸಮನಾಯಿತು. ಹಿಂದಿನ ತಿಂಗಳಷ್ಟೇ ನಾನು ಸಾಂದ್ರತೆಯ ಪಾಠ ಮಾಡಿದ್ದೆ. ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಅವನ ಮೇಲೆ ಬಂದ ಸಿಟ್ಟು ನನ್ನ ಮೇಲೆಯೇ ತಿರುಗಿತು.

ಮಿಸ್ತ್ರಿ ಬ್ಯಾಟರಿ ತೊಳೆದು ಹೊಸ ಮಿಶ್ರಣ ತುಂಬಿದ. ಆದರೆ ನಾಲ್ಕು ದಿನ ಹೆಚ್ಚಿನ ಆಸಿಡ್ಡಿನಲ್ಲಿ ನೆನೆದು ಒಳಗಿನ ಪ್ಲೇಟುಗಳು ಕೆಟ್ಟಿದ್ದವು. ರೇಡಿಯೊ ಅರ್ಧ ಗಂಟೆ ಮಾತಾಡಿ ಸುಮ್ಮನಾಗುತ್ತಿತ್ತು. ಕೆಲವು ತಿಂಗಳಲ್ಲಿ ಅದೂ ನಿಂತಿತು.

ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿ, ತೂಕದ ಶೇಕಡಾ ಬೇರೆ, ಗಾತ್ರದ ಶೇಕಡಾ ಬೇರೆ ಎಂದು ಕಲಿಸಿದೆ. ಮಕ್ಕಳು ನಕ್ಕರು. ಹೆಡ್‌ಮಾಸ್ತರರು ನಗಲಿಲ್ಲ. ಬ್ಯಾಟರಿ ಹೇಗೆ ಕೆಟ್ಟಿತೆಂದು ಕನ್ನಡದಲ್ಲೇ ಬರೆದುಕೊಡಲು ಹೇಳಿದರು. ನಾನು ಬರೆದದ್ದನ್ನು ಕಾಗುಣಿತ ತಪ್ಪಿದೆಯೆಂದು ಎರಡು ಸಲ ವಾಪಸು ಕಳಿಸಿದರು.